ಬಾವಿಯ ಹನ್ನೊಂದು ಅರಳಿ ಸಸಿಗಳು

"ಗಂಡಿನ ತಾಯಿ ಮನೇಲವ್ಳೋ ಇಲ್ವೋ?"

ಬೀದಿಯಿಂದಲೇ ಹೀಗೆ ಕೂಗಿಕೊಂಡು ಮಹಾದೇವಯ್ಯನವರು ಬಂದಾಗ ಚಿಕ್ಕಮಾರಮ್ಮ ಅಂಗಳದಲ್ಲಿ ಕುಳಿತು, ನೆಡಲೆಂದು ಕಡಿದ ನುಗ್ಗೆ ಕೊಂಬೆಗಳ ತುದಿಗೆ ಸಗಣಿ ಮೆತ್ತುತ್ತಿದ್ದರು. 1984ರ ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಮಹಾದೇವಯ್ಯನವರದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಅಷ್ಟು ದೊಡ್ಡ ಮನುಷ್ಯರು ಕಡಬದ ಕೆರೆಯ ಹಿಂದಿನ ಈ ಎರಡಂಕಣದ ಮನೆಗೆ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಕೈ ತೊಳೆಯುವುದಕ್ಕೂ ಬಿಡದೆ ಅವರು ಜಗುಲಿಯ ಮೇಲೆ ಒಂದು ಹಸಿರು ಸೀರೆ, ಎಲೆ ಅಡಿಕೆ, ಅಚ್ಚು ಹಾಕಿಸಿದ ಕಾರ್ಡು ಇಟ್ಟರು.

"ನೀನು ಕೊಟ್ಟ ಅರಳಿಗೆ ಎಂಟು ವರ್ಷ ತುಂಬ್ತು ಕಣಮ್ಮ. ಬೇವೂ ಜೊತೇಲೇ ಬೆಳ್ದು ನಿಂತೈತೆ. ಇನ್ನು ಹತ್ತು ದಿನಕ್ಕೆ ಮದುವೆ. ನೀನು ಬಂದು ನಿಂತ್ಕೊಬೇಕು."

ಒಂದೇ ಕಟ್ಟೆಯ ಮೇಲೆ ಅರಳಿಯೂ ಬೇವೂ ಬೆಳೆದರೆ ಅವಕ್ಕೆ ಮದುವೆ ಮಾಡುವುದು ನಮ್ಮ ಕಡೆ ಇದೆ. ಅರಳಿ ಗಂಡು, ಬೇವು ಹೆಣ್ಣು. ಮಹಾದೇವಯ್ಯನವರ ಮನೆತನದಲ್ಲಿ ಇನ್ನೂ ಒಂದು ಕಟ್ಟಳೆಯಿತ್ತು: ಅರಳಿ ಸಸಿ ಕೊಟ್ಟವರು ಗಂಡಿನ ತಾಯಿಯ ಜಾಗದಲ್ಲಿ ನಿಂತು ಮೊದಲ ಅರಿಶಿನ ಹಚ್ಚಬೇಕು. ಅದಕ್ಕೇ ಆ ಕೂಗು, ಆ ಸೀರೆ.

ಚಿಕ್ಕಮಾರಮ್ಮ ಗುಬ್ಬಿ ಸಂತೆಯಲ್ಲಿ ಸಸಿ ಮಾರುವವರು. ಗಂಡ ದಾಸಯ್ಯ ತೆಂಗಿನ ತೋಟಗಳಲ್ಲಿ ಕೂಲಿ. ನುಗ್ಗೆ, ನಿಂಬೆ, ಕರಿಬೇವು, ಮಲ್ಲಿಗೆ ಇವನ್ನೆಲ್ಲ ಅವರು ಹಿತ್ತಲಲ್ಲೇ ಬೆಳೆಸುತ್ತಿದ್ದರು. ಅರಳಿ ಮಾತ್ರ ಹಾಗಲ್ಲ. ಅದನ್ನು ಅವರು ಬಿತ್ತಿ ಬೆಳೆಸಿದವರಲ್ಲ. ಹಕ್ಕಿ ಹಣ್ಣು ತಿಂದು ಎಲ್ಲಿ ಉದುರಿಸುತ್ತದೋ ಅಲ್ಲಿ ಅದು ತಾನಾಗಿ ಹುಟ್ಟುತ್ತದೆ: ಹಳೇ ಬಾವಿಯ ಕಲ್ಲಿನ ಸಂದು, ಬಿದ್ದ ಗೋಡೆ, ಕೆರೆ ತೂಬು, ಗುಡಿಯ ಗೋಪುರ. ಅಂಥ ಕಡೆ ಹುಡುಕಿ, ಬೇರು ತುಂಡಾಗದ ಹಾಗೆ ಬಿಡಿಸಿ, ಹಸಿ ಮಣ್ಣು ಸುತ್ತಿ ತರಬೇಕು. ತೊಡಕು ಏನೆಂದರೆ, ಅದೇ ಸಂದಿನಲ್ಲಿ ಬಸರಿ, ಅತ್ತಿ, ಗೋಣಿ, ಕಲ್ಲರಳಿ ಎಲ್ಲವೂ ಒಟ್ಟಿಗೆ ಹುಟ್ಟಿರುತ್ತವೆ. ಬಸರಿಯ ಎಲೆ ನೀಳ, ಅತ್ತಿಯ ಎಲೆಯೂ ನೀಳ, ಇವನ್ನು ಬೇರೆ ಮಾಡುವುದು ಕಷ್ಟವಲ್ಲ. ಕಷ್ಟ ಇರುವುದು ಅರಳಿಗೂ ಕಲ್ಲರಳಿಗೂ.

ತಪ್ಪು ಬರೆಯಬಾರದೆಂದು ಎರಡೂ ಮರಗಳ ಎಲೆಗಳನ್ನು ತಂದು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡರ ಎಲೆಯೂ ಹೃದಯದ ಆಕಾರ. ಎರಡಕ್ಕೂ ಉದ್ದನೆಯ ತೊಟ್ಟು. ಆದರೆ ಅರಳಿ ಎಲೆಯ ತುದಿಗೆ ಹೆಬ್ಬೆರಳಿನಷ್ಟು ಉದ್ದದ ಬಾಲವಿದೆ, ನಡುವಿನ ನರ ಬಿಳಿಚಾಗಿದೆ. ಕಲ್ಲರಳಿಯ ಬಾಲ ಗಿಡ್ಡ, ಯಾರೋ ಚಿವುಟಿದ ಹಾಗೆ. ಅಂಚು ಸ್ವಲ್ಪ ಅಲೆಯಲೆಯಾಗಿದೆ. ತೊಟ್ಟೂ ನರವೂ ಕೆಂಪು, ಎಳೆಯ ಎಲೆಯಲ್ಲಂತೂ ಇನ್ನೂ ಕೆಂಪು. ಅರಳಿಯ ಕಾಯಿ ಎಲೆಯ ಬುಡದಲ್ಲಿ ಜೋಡಿ ಜೋಡಿಯಾಗಿ ಕೂರುತ್ತದೆ. ಕಲ್ಲರಳಿಯಲ್ಲಿ ಎಲೆ ಉದುರಿದ ಬರಿ ಕೊಂಬೆಯ ಮೇಲೂ ಕಾಯಿಗಳು ಗುಂಪುಗಟ್ಟಿರುತ್ತವೆ. ಇದು ಬೆಟ್ಟದ ಬಂಡೆಯ ಮರ. ಗಾಳಿಯೇ ಇಲ್ಲದಾಗಲೂ ಅರಳಿ ಎಲೆ ಅಲುಗಿ ಸದ್ದು ಮಾಡುತ್ತದೆ. ಕಲ್ಲರಳಿ ಅಷ್ಟು ಮಾತಾಡುವುದಿಲ್ಲ ಎಂದು ಚಿಕ್ಕಮಾರಮ್ಮ ಹೇಳುತ್ತಾರೆ. ಇದನ್ನೆಲ್ಲ ಅವರಿಗೆ ಕಲಿಸಿದವರು ಅತ್ತೆ ನಿಂಗಮ್ಮ. ಆದರೆ ಸಸಿಗೆ ನಾಲ್ಕೇ ಎಲೆ ಇರುವಾಗ ಈ ಗುರುತುಗಳು ಒಂದೂ ಪೂರ್ತಿ ಮೂಡಿರುವುದಿಲ್ಲ.

ಕಟ್ಟೆಗೆಂದು ಅರಳಿ ಕೇಳಲು ಬಂದವರಿಗೆ ನಿಂಗಮ್ಮ ಬೆಲೆ ಹೇಳುತ್ತಿರಲಿಲ್ಲ. ಅವರು ಕೊಟ್ಟಷ್ಟು ರಾಗಿ ಮಡಿಲಿಗೆ ಹಾಕಿಸಿಕೊಳ್ಳುವುದು, ಅಷ್ಟೇ. ನಿಂಗಮ್ಮ ತೀರಿಕೊಂಡ ವರ್ಷ, 1976ರಲ್ಲಿ, ಸೊಸೆ ಮೊದಲ ಸಲ ಒಬ್ಬರೇ ಅರಳಿ ಹುಡುಕಲು ಹೋದರು. ಒಂದೇ ದಿನ, ಒಂದೇ ಬಾವಿಯಿಂದ, ಹನ್ನೊಂದು ಸಸಿ ತಂದರು. ಆ ಹನ್ನೊಂದರಲ್ಲಿ ಒಂದು ಮಹಾದೇವಯ್ಯನವರ ತೋಟದ ಕಟ್ಟೆಗೆ ಹೋಯಿತು.

ಮದುವೆಗೆ ಇನ್ನೂ ವಾರ ಇರುವಾಗ ಚಿಕ್ಕಮಾರಮ್ಮ ಗುಬ್ಬಿಗೆ ಹೋದರು. ಗಂಡನ್ನು ಒಂದು ಸಲ ನೋಡಿ ಬರೋಣ ಎಂದು ನಗುತ್ತಲೇ ಹೋದದ್ದು. ಆ ತೋಟಕ್ಕೆ ಅವರು ಹಿಂದೆ ಒಮ್ಮೆ ಮಾತ್ರ ಹೋಗಿದ್ದರು. ಆಗ ಎಲೆಯೆಲ್ಲ ಉದುರಿ ಮರ ಬರಿ ಕಡ್ಡಿಯಾಗಿತ್ತು. ಈಗ ಕಟ್ಟೆಗೆ ಸುಣ್ಣ ಬಳಿದಿತ್ತು. ಬೇವು ಹೂವಾಗಿತ್ತು. ಪಕ್ಕದ ಮರದಲ್ಲಿ ಚಿಗುರು ತುಂಬಿತ್ತು, ಮತ್ತು ಆ ಚಿಗುರಿನ ತೊಟ್ಟುಗಳೆಲ್ಲ ಕೆಂಪಾಗಿದ್ದವು.

ಅರಳಿಯ ಚಿಗುರೂ ಕೆಂಪಗೆ ಇರುತ್ತದೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಬಲಿತ ಎಲೆಯೊಂದನ್ನು ಬಗ್ಗಿಸಿ ನೋಡಿದರು. ಅದರ ತೊಟ್ಟೂ ಕೆಂಪು. ತುದಿಯನ್ನು ಹೆಬ್ಬೆರಳಿನ ಪಕ್ಕ ಇಟ್ಟು ಅಳೆದರು. ಬಾಲ ಉಗುರಿನಷ್ಟೂ ಇರಲಿಲ್ಲ. ಕಟ್ಟೆ ಹತ್ತಿ ಬರಿ ಕೊಂಬೆಯ ಮೇಲೆ ಬೆರಳಾಡಿಸಿದರು. ಪುಟ್ಟ ಕಾಯಿಗಳ ಗುಂಪು ಕೈಗೆ ಸಿಕ್ಕಿತು.

ಮಹಾದೇವಯ್ಯನವರ ಹೆಂಡತಿ ಶಕುಂತಲಮ್ಮ ಕಾಫಿ ಹಿಡಿದುಕೊಂಡು ಬಂದು, "ಏನಮ್ಮ, ಮಗ ಚೆನ್ನಾಗಿ ಬೆಳ್ದವ್ನಾ?" ಎಂದು ಕೇಳಿದರು. ಚಿಕ್ಕಮಾರಮ್ಮ ಕಟ್ಟೆಯಿಂದ ಕೆಳಗಿಳಿದರು. ಒಂದು ಎಲೆ ಕಿತ್ತು ಸೆರಗಿಗೆ ಕಟ್ಟಿಕೊಂಡು, ನಾಳೆ ಬರುತ್ತೇನೆಂದು ಹೇಳಿ ಹೊರಟರು.

ಅವರು ಮನೆಗೆ ಹೋಗಲಿಲ್ಲ. ನೇರ ಹೋದದ್ದು ಕಡಬದ ಚನ್ನಬಸವಯ್ಯನವರ ತೋಟದ ಪಾಳು ಬಾವಿಗೆ. ಹನ್ನೊಂದು ಸಸಿಯೂ ಅಲ್ಲಿಯವೇ. ಬಾವಿಯ ದಂಡೆಯಲ್ಲಿ ದೊಡ್ಡದೊಂದು ಅರಳಿ ಮರ. ಅದು ಅರಳಿಯೇ, ಅನುಮಾನವಿಲ್ಲ. ಮೆಟ್ಟಿಲಿಳಿದು ಗೋಡೆಯ ಸಂದುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ದೊಡ್ಡ ಸಸಿಗಳಲ್ಲಿ ಉದ್ದ ಬಾಲದವೂ ಇದ್ದವು, ಕೆಂಪು ತೊಟ್ಟಿನವೂ ಇದ್ದವು, ಎರಡೂ ಒಂದು ಗೇಣಿನ ಅಂತರದಲ್ಲಿ. ಅವರ ತಪ್ಪು ಅಲ್ಲಿ ತೆರೆದುಕೊಂಡು ಕಂಡಿತು. ಆ ದಿನ ಅವರು ಸಸಿಯನ್ನು ನೋಡಿರಲಿಲ್ಲ, ಮೇಲಿದ್ದ ಮರವನ್ನು ನೋಡಿದ್ದರು. ತಾಯಿ ಅರಳಿ, ಕೆಳಗಿರುವ ಮಕ್ಕಳೆಲ್ಲ ಅರಳಿ ಎಂದುಕೊಂಡಿದ್ದರು. ಬೆಟ್ಟದ ಮೇಲೆ ಕಲ್ಲರಳಿ ಹಣ್ಣು ತಿಂದ ಹಕ್ಕಿಯೂ ಆ ಮರದ ಮೇಲೆಯೇ ಬಂದು ಕೂರುತ್ತದೆ ಎಂಬುದು ಹೊಳೆದಿರಲಿಲ್ಲ.

ಸಂಜೆ ಮನೆಗೆ ಬಂದು ರೊಟ್ಟಿ ತಟ್ಟುತ್ತ ಗಂಡನಿಗೆ ಎಲ್ಲವನ್ನೂ ಹೇಳಿದರು.

"ಎಂಟು ವರ್ಷ ಯಾವನೂ ನೋಡ್ಲಿಲ್ಲ," ಎಂದರು ದಾಸಯ್ಯ. "ನೀನೂ ನೋಡ್ಲಿಲ್ಲ ಅಂದ್ಕೊ. ಹೊಸ ಸೀರೆ ಉಟ್ಕೊ, ಅರಿಶಿನ ಹಚ್ಚು, ಪಾಯಸ ಕುಡಿ, ಬಾ."

"ನಾನು ನೋಡ್ಬುಟ್ನಲ್ಲ."

"ನೋಡಿದ್ದು ನಿನ್ ತಪ್ಪು."

"ತಮಾಷೆ ಬ್ಯಾಡ. ಇವತ್ತು ಸುಮ್ಕಿದ್ದು ನಾಳೆ ಇನ್ಯಾರ್ಗೋ ಸಸಿ ಕೊಟ್ಟು ಇದು ಅರಳಿ ಅಂತ ಯಾವ್ ಬಾಯಲ್ಲಿ ಹೇಳ್ಲಿ?"

"ಹೇಳಿದ್ರೆ ನಿನ್ ಹತ್ರ ಸಸಿ ತಗೊಳ್ಳೋರು ಯಾರೂ ಇರಲ್ಲ ಕಣಮ್ಮೀ. ಅರಳಿ ಹೋಗ್ಲಿ, ಕರಿಬೇವೂ ತಗೊಳ್ಳಲ್ಲ."

ಅದು ನಿಜವೆಂದು ಚಿಕ್ಕಮಾರಮ್ಮನಿಗೂ ಗೊತ್ತಿತ್ತು. ಓದು ಬರಹ ಅವರಿಗಿಲ್ಲ, ಹೊಲ ಇಲ್ಲ. ಅವರು ಇದು ಅರಳಿ ಎಂದರೆ ಜನ ಅರಳಿ ಎಂದು ನಂಬಿ ಒಯ್ಯುತ್ತಾರೆ, ಇರುವುದು ಅದೊಂದೇ. ಹೇಳಿದರೆ ಅದು ಹೋಗುತ್ತದೆ. ಹೇಳದೆ ಇದ್ದರೆ ಅದು ಊರಿನವರ ಕಣ್ಣಲ್ಲಿ ಉಳಿಯುತ್ತದೆ, ಆದರೆ ಸುಳ್ಳಾಗಿ ಉಳಿಯುತ್ತದೆ. ಆ ರಾತ್ರಿ ಮಲಗುವ ಮೊದಲೇ ಅವರು ತೀರ್ಮಾನ ಮಾಡಿಯಾಗಿತ್ತು: ಮೊದಲು ಗುಬ್ಬಿಯಲ್ಲಿ ಹೇಳುವುದು, ಆಮೇಲೆ ಉಳಿದ ಹತ್ತನ್ನೂ ಹೋಗಿ ನೋಡುವುದು.

ಮಾರನೆಯ ದಿನ ಕಟ್ಟೆಯ ಮರದ ಎಲೆ, ಬಾವಿ ದಂಡೆಯ ಅರಳಿಯದೊಂದು ಎಲೆ ಮತ್ತು ಆ ಸೀರೆ ತೆಗೆದುಕೊಂಡು ಹೋದರು. ಮಹಾದೇವಯ್ಯನವರ ಪಡಸಾಲೆಯಲ್ಲಿ ಎಲೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಮಹಾದೇವಯ್ಯನವರು ಮೊದಲು ನಕ್ಕರು.

"ಅಲ್ಲಮ್ಮ, ಹೆಣ್ಣಿನ ಕಡೆಯೋರು ತಕರಾರು ತೆಗೀಬೇಕು. ಗಂಡಿನ ತಾಯೇ ಬಂದು ಗಂಡು ಸರಿ ಇಲ್ಲ ಅಂತಾಳಲ್ಲ!"

"ಸರಿ ಇಲ್ಲ ಅಂತಿಲ್ಲ ಯಜಮಾನ್ರೇ. ಅದು ಅರಳಿ ಅಲ್ಲ. ಕಲ್ಲರಳಿ. ತಪ್ಪು ನಂದು."

ಶಕುಂತಲಮ್ಮ ನಗಲಿಲ್ಲ. ಎರಡು ಬಸಿರು ಇಳಿದ ಮೇಲೆ ಅವರು ಹರಕೆ ಹೊತ್ತು ಆ ಸಸಿ ನೆಡಿಸಿದ್ದರು. ದಿನಾ ಬೆಳಿಗ್ಗೆ ಸುತ್ತುತ್ತಿದ್ದರು. ಮೂರನೆಯ ವರ್ಷ ಮಗಳು ದಾಕ್ಷಾಯಣಿ ಹುಟ್ಟಿದಳು.

"ಹಂಗಾದ್ರೆ ಎಂಟು ವರ್ಷ ನಾನು ಸುತ್ತಿದ್ದು ಯಾವ್ದನ್ನ?"

"ಮರಾನೇ ಅಮ್ಮಾರೆ. ನಿಮ್ಮ ಹರಕೆ ಎಲ್ಲಿಗೆ ಮುಟ್ತು ಅಂತ ನಂಗೆ ಗೊತ್ತಾಗಕಿಲ್ಲ. ನಂಗೆ ಗೊತ್ತಿರೋದು ಎಲೆ ಒಂದೇ."

"ನನ್ನ ಮಗಳನ್ನ ಕೊಟ್ಟ ಮರ ಅದು! ನೀನ್ಯಾರೇ ಅದನ್ನ ಅಲ್ಲ ಅನ್ನೋಕೆ?"

"ಕೊಟ್ಟಿರ್ಬೋದು ಅಮ್ಮಾರೆ. ಕಲ್ಲರಳಿಯಾಗೇ ಕೊಟ್ಟಿರ್ಬೋದು."

ಮಹಾದೇವಯ್ಯನವರು ಈಗ ಗಂಭೀರವಾದರು. ದನಿ ತಗ್ಗಿಸಿ, "ನೋಡಮ್ಮ, ಕಾರ್ಡ್ ಹಂಚಾಗಿದೆ. ಇನ್ನೂರು ಜನ ಬರ್ತಾರೆ. ನೀನು ಹೇಳ್ದೆ, ನಾವು ಕೇಳಿದ್ವಿ. ಇಲ್ಲಿಗೇ ಬಿಟ್ಬುಡು. ಆ ದಿನ ಬಂದು ಅರಿಶಿನ ಹಚ್ಚಿ ಹೋಗು," ಎಂದರು.

"ಅರಳಿ ಅಂತ ಮಂತ್ರ ಹೇಳೋ ಕಡೆ ನಾನು ನಿಂತ್ಕೊಳ್ಳಕ್ಕಾಗಲ್ಲ ಸ್ವಾಮಿ. ನೀವು ಮದುವೆ ಮಾಡಿ, ಬ್ಯಾಡ ಅನ್ನಲ್ಲ. ನನ್ನ ಬುಟ್ಬುಡಿ."

ಸೀರೆಯನ್ನು ಚಾಪೆಯ ಮೇಲೆ ಇಟ್ಟರು. ಶಕುಂತಲಮ್ಮ ಅದನ್ನು ಕಾಲಿನಿಂದ ಸರಿಸಿ ಒಳಗೆ ಹೋದರು. ಬಾಗಿಲಲ್ಲಿ ತಿರುಗಿ, "ಇನ್ಮೇಲೆ ಈ ಕಡೆ ಬರಬೇಡ," ಎಂದರು.

ಮದುವೆಯ ದಿನ ಊಟ ನಡೆಯಿತು, ಮದುವೆ ನಡೆಯಲಿಲ್ಲ. ಕೊನೆಯ ಗಳಿಗೆಯಲ್ಲಿ ಶಕುಂತಲಮ್ಮನವರೇ ಬೇಡವೆಂದರಂತೆ. ಬಂದವರಿಗೆಲ್ಲ ಕಾರಣ ಹೇಳಬೇಕಾಯಿತು. ಕಾರಣ ಸಂತೆಗೂ ಬಂತು.

"ಗಂಡು ಬೇರೆ ಜಾತಿ ಅಂತ ಮದುವೆ ಮುರಿದು ಹಾಕಿದ್ಯಂತಲ್ಲವ್ವ! ಮರದಲ್ಲೂ ಜಾತಿ ನೋಡ್ತೀಯಾ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಕರಿಬೇವಿನ ಸಸಿ ಎತ್ತಿ ಹಿಡಿದು, "ಇದು ಕರಿಬೇವೋ, ಕಲ್ಲುಕರಿಬೇವೋ?" ಎಂದು ಸುತ್ತಲಿದ್ದವರನ್ನೆಲ್ಲ ನಗಿಸಿದ. ಚಿಕ್ಕಮಾರಮ್ಮ, "ಎಲೆ ಮುರಿದು ಮೂಸಿ ನೋಡಪ್ಪ, ಆಮೇಲೆ ತಗೋ," ಎಂದರು. ಆತ ಮೂಸಿ ನೋಡಿ ಹಾಗೇ ಇಟ್ಟು ಹೋದ. ಆ ವಾರ ಬುಟ್ಟಿ ತುಂಬಿದ್ದ ಹಾಗೆಯೇ ಮನೆಗೆ ಬಂತು. ಮುಂದಿನ ವಾರವೂ ಹೆಚ್ಚು ಕಡಿಮೆ ಹಾಗೆಯೇ.

ಅವರು ಉಳಿದ ಹತ್ತನ್ನು ಹುಡುಕುತ್ತ ತಿರುಗಲು ಹೊರಟದ್ದು ಇದೇ ದಿನಗಳಲ್ಲಿ. ಯಾರ ಹೆಸರನ್ನೂ ಬರೆದಿಟ್ಟಿರಲಿಲ್ಲ, ಆದರೆ ಯಾರು ಎಲ್ಲಿಂದ ಬಂದು ಒಯ್ದರು ಎಂಬುದು ಒಂದೂ ಮರೆತಿರಲಿಲ್ಲ. ಸಂತೆ ಇಲ್ಲದ ದಿನ ಬುತ್ತಿ ಕಟ್ಟಿಕೊಂಡು ಹೊರಡುವುದು, ಬಸ್ಸು ಸಿಕ್ಕಷ್ಟು ದೂರ ಬಸ್ಸು, ಉಳಿದದ್ದು ನಡಿಗೆ. ಮೊದಲ ಮೂರು ಕಡೆ ಸಸಿಯೇ ಉಳಿದಿರಲಿಲ್ಲ. ಎರಡು ಯಾವಾಗಲೋ ಒಣಗಿ ಹೋಗಿದ್ದವು. ಒಂದನ್ನು ಮೇಕೆ ತಿಂದಿತ್ತು. ಅಷ್ಟಕ್ಕೇ ಸಮಾಧಾನ ಪಡಬಹುದಿತ್ತು, ಅವರು ಪಡಲಿಲ್ಲ. ಮೇಕೆ ಕಟ್ಟುವ ಮನೆಗೆ ಕೊಡುವಾಗ ಮುಳ್ಳು ಕಟ್ಟಲು ಹೇಳಬೇಕಿತ್ತು ಎಂದುಕೊಂಡರು.

ಗುಬ್ಬಿಯಾಚೆಯ ಸದಾಶಿವಯ್ಯ ಎಂಬ ರೈತರ ಕಣದಲ್ಲಿ ಇದ್ದದ್ದು ಕಲ್ಲರಳಿ. ಅವರಿಗೆ ಹೇಳಿದಾಗ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. "ಇದನ್ನ ಹೇಳಕ್ಕೆ ಈ ಬಿಸಿಲಲ್ಲಿ ಕಡಬದಿಂದ ಬಂದ್ಯಾ? ನೆರಳು ಕೊಡ್ತೈತೆ, ಎತ್ತು ಕಟ್ತೀನಿ. ಅದು ಕಲ್ಲಾದ್ರೇನು ಕಬ್ಬಿಣ ಆದ್ರೇನು? ಕೂತ್ಕೊ, ಮಜ್ಜಿಗೆ ಕುಡಿ," ಎಂದು ಗದರಿದರು.

ತುಮಕೂರಿನ ಸತ್ಯಮಂಗಲದಲ್ಲಿ ತೊಂದರೆಯಾಯಿತು. ಯಲ್ಲಯ್ಯ ಎಂಬ ಕೆಲಸಗಾರ ತನ್ನ ಸಸಿಯನ್ನು ತಾನು ದುಡಿಯುವ ಸಣ್ಣ ಕಾರ್ಖಾನೆಯ ಅಂಗಳದಲ್ಲಿ ನೆಟ್ಟಿದ್ದ. ಈಗ ಅವನು ಕೆಲಸ ಬಿಟ್ಟು ಹೋಗಿದ್ದ. ಗೇಟಿನವನು ಇವರನ್ನು ಒಳಗೆ ಬಿಡಲಿಲ್ಲ.

"ಯಾರನ್ನ ನೋಡ್ಬೇಕು?"

"ಮರಾನ."

"ಮರ ಡ್ಯೂಟಿ ಮೇಲೈತೆ. ಹೋಗ್ ಹೋಗು."

"ಒಂದು ಎಲೆ ತಂದ್ಕೊಡಪ್ಪ, ಸಾಕು."

"ಎಲೆ ಹೊರಗೆ ಹೋಗ್ಬೇಕಂದ್ರೆ ಗೇಟ್ ಪಾಸ್ ಬೇಕು ಕಣಮ್ಮ."

ಅವರು ಜಗಳ ಆಡಲಿಲ್ಲ. ಕಾಂಪೌಂಡಿನ ಆಚೆ ಬದಿಗೆ ಹೋಗಿ, ಗೋಡೆಯ ನೆರಳಲ್ಲಿ ಸೆರಗು ಹೊದ್ದು ಕುಳಿತರು. ಮಧ್ಯಾಹ್ನದ ಗಾಳಿ ಎದ್ದಾಗ ಮೊದಲು ಸದ್ದು ಕೇಳಿಸಿತು, ಸಣ್ಣ ಮಳೆ ಬಂದ ಹಾಗೆ. ಅಷ್ಟರಲ್ಲೇ ಅವರಿಗೆ ಮುಕ್ಕಾಲು ಭಾಗ ಗೊತ್ತಾಗಿತ್ತು. ಆದರೂ ಎದ್ದು ಹೋಗಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಒಂದು ಹಣ್ಣೆಲೆ ಗೋಡೆ ದಾಟಿ ಬಿತ್ತು. ಉದ್ದ ಬಾಲ, ಬಿಳಿಯ ನರ. ಅರಳಿ. ಅದನ್ನು ಗೇಟಿನವನಿಗೆ ತೋರಿಸಿ, "ಪಾಸ್ ಇಲ್ದೆ ಬಂತು ನೋಡು," ಎಂದು ಹೇಳಿ ಬಸ್ಸು ಹತ್ತಿದರು.

ಮುಂದಿನ ನಾಲ್ಕು ಕಡೆ ಇದ್ದದ್ದು ಅರಳಿಯೇ. ಕೊನೆಯದು ಕುಣಿಗಲ್ಲಿನಲ್ಲಿ. ಅಲ್ಲಿ ಗುರುಸಿದ್ದಯ್ಯ ಎಂಬ ವಯಸ್ಸಾದವರು ಮಠವೊಂದರ ಹೂದೋಟ ನೋಡಿಕೊಳ್ಳುತ್ತಿದ್ದರು. ಮಠದ ಹಿಂದಿನ ಕಟ್ಟೆಯಲ್ಲಿದ್ದದ್ದು ಕಲ್ಲರಳಿ. ಚಿಕ್ಕಮಾರಮ್ಮ ನೆಲಕ್ಕೆ ಕೈಮುಟ್ಟಿಸಿ ತಪ್ಪು ಒಪ್ಪಿಕೊಂಡಾಗ ಅವರು ಮೆಲ್ಲಗೆ ನಕ್ಕರು.

"ನಂಗೆ ಎರಡು ವರ್ಷದ ಹಿಂದೆನೇ ಗೊತ್ತಾಯ್ತು ಕಣಮ್ಮ. ಪಾಪ, ಬಡವಿ, ಯಾಕೆ ನೋಯಿಸೋದು ಅಂತ ಸುಮ್ನಾದೆ."

ಅಲ್ಲಿಯವರೆಗೆ ಯಾರ ಬೈಗುಳಕ್ಕೂ ಎದುರು ಮಾತಾಡದ ಚಿಕ್ಕಮಾರಮ್ಮನಿಗೆ ಈಗ ಸಿಟ್ಟು ಬಂತು.

"ಹೇಳ್ಬೇಕಿತ್ತು ಅಯ್ಯನೋರೆ! ನೀವು ಹೇಳಿದ್ರೆ ಎರಡು ವರ್ಷದ ಹಿಂದೆನೇ ನಾನು ಎಲ್ರ ಮನೇಗೂ ಹೋಗ್ತಿದ್ದೆ. ಗುಬ್ಬೀಲಿ ವಿಷ್ಯ ಕಾರ್ಡ್ ಅಚ್ಚಾಗೋ ತನಕ ಹೋಗ್ತಿರಲಿಲ್ಲ. ಬಡವಿ ಅಂತ ಎಲೆ ತಪ್ಪಾದ್ರೂ ಸುಮ್ನಿರೋದಾ?"

ಗುರುಸಿದ್ದಯ್ಯ ಕೈಯಲ್ಲಿದ್ದ ಹೂಬುಟ್ಟಿ ಕೆಳಗಿಟ್ಟರು. ಆಮೇಲೆ, "ಅದೂ ಸರೀನೇ," ಎಂದರು. ಊಟ ಮಾಡಿಸಿ ಕಳಿಸಿದರು.

ಲೆಕ್ಕ ಹೀಗೆ ಮುಗಿಯಿತು: ಹನ್ನೊಂದರಲ್ಲಿ ಮೂರು ಸತ್ತಿದ್ದವು, ಐದು ಅರಳಿ, ಮೂರು ಕಲ್ಲರಳಿ. ಇಷ್ಟು ತಿಳಿಯಲು ಅವರಿಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ಅವರು ಎರಡು ಕಟ್ಟುಪಾಡು ಹಾಕಿಕೊಂಡರು. ಗೋಡೆಯಿಂದ ತಂದ ಸಸಿಯನ್ನು ಹಿತ್ತಲಲ್ಲಿಟ್ಟು ಹನ್ನೆರಡು ಎಲೆ ಬರುವ ತನಕ ಯಾರಿಗೂ ಕೊಡುವುದಿಲ್ಲ. ಕೊಟ್ಟ ಮೇಲೆ ಮೂರನೆಯ ವರ್ಷ ತಾವೇ ಹೋಗಿ ನೋಡಿ ಬರುವುದು. ದಾಸಯ್ಯ, "ಸಸಿ ತಗೊಳ್ಳೋರೇ ಇಲ್ಲ, ಇವಳು ಬೀಗರ ಮನೆಗೆ ಹೋಗೋ ದಿನ ಗೊತ್ತು ಮಾಡ್ತಾವ್ಳೆ," ಎಂದು ಹಂಗಿಸುತ್ತಿದ್ದರು. ಹಂಗಿಸುತ್ತಲೇ ಸಸಿಗಳಿಗೆ ಬೇಲಿ ಕಟ್ಟಿಕೊಟ್ಟರು. ಆ ಮಳೆಗಾಲ ಪೂರ್ತಿ ಅರಳಿ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಚಿಕ್ಕಮಾರಮ್ಮ ಕೂಲಿಗೆ ಹೋದರು. ಕೂಲಿಯಿಂದ ಬಂದು ಸಸಿಗಳಿಗೆ ನೀರು ಹಾಕಿದರು.

ಕಾರ್ತೀಕದಲ್ಲಿ ಶಕುಂತಲಮ್ಮ ಬಂದರು, ಒಬ್ಬರೇ. ಜಗುಲಿಯ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದರು.

"ಮರ ಕಡಿಸಲ್ಲ ನಾನು. ಅದು ಇರ್ಲಿ. ಬೇವಿನ ಆ ಕಡೆ ಜಾಗ ಐತೆ. ಒಂದು ಅರಳಿ ಬೇಕು. ಆದ್ರೆ ಈ ಸಲ ಎಲೆ ನಾನೇ ನೋಡಿ ತಗೋತೀನಿ."

"ನೋಡ್ಲೇಬೇಕು ಅಮ್ಮಾರೆ."

ಹಿತ್ತಲಲ್ಲಿ ಐದು ಸಸಿ ಇದ್ದವು. ಶಕುಂತಲಮ್ಮ ಕನ್ನಡಕ ಹಾಕಿಕೊಂಡು ಒಂದೊಂದರ ಎಲೆಯನ್ನೂ ಬೆಳಕಿಗೆ ಹಿಡಿದರು. ಬಾಲವನ್ನು ಹೆಬ್ಬೆರಳಿಗೆ ಇಟ್ಟು ಅಳೆದರು. ತೊಟ್ಟಿನ ಬಣ್ಣ ನೋಡಿದರು. ಎರಡನ್ನು ಬೇಡವೆಂದು ಬದಿಗೆ ಸರಿಸಿದರು.

"ಅವೂ ಅರಳೀನೇ ಕಣಮ್ಮಾರೆ!"

"ಇರ್ಬೋದು. ನಂಗೆ ಅನುಮಾನ ಬಂತು, ಬ್ಯಾಡ." ಮೂರನೆಯದನ್ನು ಎತ್ತಿಕೊಂಡರು. "ಇದು?"

"ಅದ್ರ ಎಲೆ ಸರಿ ಐತೆ, ಆದ್ರೆ ಕೀಳೋವಾಗ ಬೇರು ಒಂಚೂರು ಹರೀತು. ಈ ಕಡೇದು ತಗೊಳ್ಳಿ."

ಶಕುಂತಲಮ್ಮ ಮೊದಲ ಸಲ ಅವರ ಮುಖ ನೋಡಿದರು. "ನೀನು ಹೇಳ್ದೆ ಇದ್ದಿದ್ರೆ ಬೇರು ನಂಗೆಲ್ಲಿ ಕಾಣ್ತಿತ್ತು?" ಎಂದರು. ತೋರಿಸಿದ ಸಸಿಯನ್ನು ತೆಗೆದುಕೊಂಡರು. ತಂದಿದ್ದ ರಾಗಿಯನ್ನು ಚಿಕ್ಕಮಾರಮ್ಮನ ಮಡಿಲಿಗೆ ಹಾಕಿದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

ಆ ಸಸಿ ಈಗ ಆಳೆತ್ತರ ದಾಟಿದೆ. ಮೂರನೆಯ ವರ್ಷ ಚಿಕ್ಕಮಾರಮ್ಮ ಹೋಗಿ ನೋಡಿದಾಗ ಶಕುಂತಲಮ್ಮನ ಅಂಗಳದಲ್ಲಿ ಇನ್ನಿಬ್ಬರು ಹೆಂಗಸರು ಕುಳಿತಿದ್ದರು. ಕಟ್ಟೆಗೆ ಅರಳಿ ಬೇಕು, ಎಲ್ಲಿ ತರುವುದು ಎಂದು ಅವರಲ್ಲಿ ಒಬ್ಬಾಕೆ ಕೇಳಿದರು. ಶಕುಂತಲಮ್ಮ ಚಿಕ್ಕಮಾರಮ್ಮನ ಕಡೆ ಕೈ ತೋರಿಸಿ, "ಇವಳ ಹತ್ರಾನೇ ತಗೊಳ್ಳಿ. ತಪ್ಪಾದ್ರೆ ಅವಳೇ ಬಂದು ಹೇಳ್ತಾಳೆ," ಎಂದರು.

ಆ ವರ್ಷ ಚಿಕ್ಕಮಾರಮ್ಮ ನಾಲ್ಕು ಅರಳಿ ಸಸಿ ಕೊಟ್ಟರು. ಐದನೆಯದನ್ನು ಕೇಳಿದವರಿಗೆ, ಇನ್ನೂ ಒಂಬತ್ತೇ ಎಲೆ, ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದರು.